ಗ್ರೈಪ್‌ವಾಟರ್ ಬಾಟಲಿಯಲ್ಲಿ ಫ್ರೆಂಚ್ ವೈನ್

ಭಾನುವಾರ, 21 ಅಕ್ಟೋಬರ್ 2018, ಮುಂಬಯಿ ಪಕ್ಕದ ಸೀವುಡ್ಸ್. ಬೆಳಿಗ್ಗೆ ಹತ್ತು ನಲವತ್ತಕ್ಕೆ ಬರೆಯಲು ಕುಳಿತೆ.

ಹತ್ತು ನಿಮಿಷದ ಹಿಂದೆ ಅಮ್ಮ ನನ್ನ ಮೂರು ತಿಂಗಳ ಮಗಳಿಗೆ ಗ್ರೈಪ್‌ವಾಟರ್ ಕುಡಿಸಿದಳು. ಡಾಕ್ಟರು ಬೇಡ ಎಂದಿದ್ದರು. "ಆ ಡಾಕ್ಟರಿಗೆ ಎಷ್ಟು ಮಕ್ಕಳಂತೆ?" ಎಂದು ಕೇಳಿ ಅಮ್ಮ ಮುಚ್ಚಳ ತಿರುಗಿಸಿದಳು. ಅಷ್ಟಕ್ಕೇ ಅಡುಗೆಮನೆಯೆಲ್ಲ ಆ ವಾಸನೆ. ನಿಮಗೂ ಗೊತ್ತಿರುತ್ತದೆ: ಸಬ್ಬಸಿಗೆ ಸೊಪ್ಪಿನ ವಾಸನೆ, ಅದಕ್ಕೆ ಸ್ವಲ್ಪ ಸಕ್ಕರೆ ಹಾಕಿದಂತೆ. ಬೇರೆಯವರಿಗೆ ಇದರಿಂದ ತೊಟ್ಟಿಲು, ಜೋಗುಳ ನೆನಪಾಗಬಹುದು. ನನಗೆ ಫ್ರಾನ್ಸಿನ ಬಿಳಿ ವೈನ್ ನೆನಪಾಗುತ್ತದೆ. ಅದರ ಬೆನ್ನಿಗೇ ರಘು ಚಿಕ್ಕಪ್ಪನ ಮುಖ. ಅವನು ಇವತ್ತು ಊಟಕ್ಕೆ ಬರುವವನಿದ್ದಾನೆ. ಡೊಂಬಿವಲಿಯಿಂದ ಹೊರಟು, ಠಾಣೆಯಲ್ಲಿ ಗಾಡಿ ಬದಲಿಸಿ, ಇಲ್ಲಿ ತಲುಪುವಾಗ ಹನ್ನೆರಡೂವರೆ. ಅಲ್ಲಿಯ ತನಕ ಮಗು ಮಲಗಿದರೆ ಇದನ್ನು ಬರೆದು ಮುಗಿಸಬಹುದು.

ನಾನು ಎಲ್ಲವನ್ನೂ ಎಣಿಸಿ ಬರೆದಿಡುವವಳು. ಒಂಬತ್ತನೇ ತರಗತಿಯಿಂದ ದಿನಚರಿ ಇದೆ. ಕರೆಂಟು ಹೋದ ಹೊತ್ತು, ಬಂದ ಹೊತ್ತು, ಲೋಕಲ್ ಟ್ರೇನಿನಲ್ಲಿ ಕೂರಲು ಸೀಟು ಸಿಕ್ಕಿದ ದಿನಗಳು (2009ರಲ್ಲಿ ಹದಿನಾಲ್ಕು). ಮದುವೆ ನಿಶ್ಚಯವಾದಾಗ ಇದು ತಿಳಿದ ಗಂಡ, "ನಾನು ಮೊದಲ ದಿನ ಎಷ್ಟು ಸಲ ತಡವರಿಸಿದೆ ಅಂತಲೂ ಬರೆದಿದ್ದೀಯಾ?" ಎಂದು ಕೇಳಿದ. ಬರೆದಿದ್ದೆ. ಹೇಳಲಿಲ್ಲ. ಇಷ್ಟೆಲ್ಲ ಬರೆದಿಟ್ಟವಳು ಬರೆಯಲೇಬೇಕಾದ ಒಂದು ಹೆಸರನ್ನು ಬರೆಯದೆ ಬಿಟ್ಟೆ ಎನ್ನುವುದೇ ಈ ಪ್ರಬಂಧಕ್ಕೆ ಕಾರಣ.

ರಘು ಚಿಕ್ಕಪ್ಪ ನನ್ನ ಅಪ್ಪನ ತಮ್ಮ. ಮದುವೆಯಾಗಲಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಎರಡು ಕೋಣೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದ. ಉಡುಪಿ ಕಡೆಯವರು ಮುಂಬಯಿಗೆ ಬಂದು ಹೋಟೆಲಿನಲ್ಲಿದ್ದಾರೆ ಎಂದರೆ ಜನ ಇಡ್ಲಿ, ವಡೆ ಎಂದುಕೊಳ್ಳುತ್ತಾರೆ. ಚಿಕ್ಕಪ್ಪ ಇದ್ದದ್ದು ದಕ್ಷಿಣ ಮುಂಬಯಿಯ ದೊಡ್ಡದೊಂದು ಹೋಟೆಲಿನ ಊಟದ ಸಭಾಂಗಣದಲ್ಲಿ, ಕ್ಯಾಪ್ಟನ್ ಆಗಿ, ಅಂದರೆ ಬಡಿಸುವವರ ಮೇಲ್ವಿಚಾರಕನಾಗಿ. ವೈನಿನ ಜವಾಬ್ದಾರಿ ಅವನದು. ಯಾವ ಮೀನಿಗೆ ಯಾವ ಬಾಟಲಿ ಎಂದು ಗಿರಾಕಿಗಳಿಗೆ ತಗ್ಗಿದ ದನಿಯಲ್ಲಿ ಹೇಳುವುದು ಅವನ ಕೆಲಸ. ಆದರೆ ಅವನು ಕುಡಿಯುತ್ತಿರಲಿಲ್ಲ. ಗ್ಲಾಸು ತಿರುಗಿಸಿ ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳುವುದು, ಅಷ್ಟೇ. "ಕುಡಿಯಲಿಕ್ಕೆ ಗಿರಾಕಿ ಉಂಟು. ನನಗೆ ಸಂಬಳ ಮೂಗಿಗೆ," ಎನ್ನುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಇಷ್ಟ ಫ್ರಾನ್ಸಿನ ಬಿಳಿ ವೈನುಗಳಲ್ಲಿ ಬ್ಲೆಂಡ್, ಅಂದರೆ ಎರಡು ಮೂರು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿದ್ದು. ಏಕೆ ಬೆರೆಸಬೇಕು ಎಂದು ನಾನು ಒಮ್ಮೆ ಕೇಳಿದಾಗ ಅವನು ದೋಸೆಹಿಟ್ಟು ರುಬ್ಬುತ್ತಿದ್ದ ಅಮ್ಮನ ಕಡೆ ಕೈ ತೋರಿಸಿದ.

"ಅಕ್ಕಿ ಒಂದರಿಂದಲೇ ಈ ದೋಸೆ ಆಗ್ತದಾ ಮಾರಾಯ್ತಿ? ಉದ್ದು ಯಾಕೆ ಹಾಕ್ತಾಳೆ ನಿನ್ನ ಅಮ್ಮ? ಬೋರ್ಡೋ ಊರಿನ ಬಿಳಿ ವೈನ್ ಹಾಗೆ. ಸೋವಿನ್ಯೋಂ ದ್ರಾಕ್ಷಿ ಅಕ್ಕಿ, ಗರಿಗರಿ ಅದರದ್ದು. ಸೆಮಿಯೋಂ ಉದ್ದು, ಮೈ ಕೊಡುವುದು ಅದು."

"ಹಾಗಾದರೆ ನೀರುದೋಸೆ?" ಎಂದೆ.

"ಅದು ಒಂದೇ ದ್ರಾಕ್ಷಿಯ ವೈನ್. ಅದರ ಜಾತಿಯೇ ಬೇರೆ. ತಪ್ಪು ಹೇಳಲಿಕ್ಕಾಗುದಿಲ್ಲ," ಎಂದು ಗಂಭೀರವಾಗಿ ಒಪ್ಪಿಕೊಂಡ. ಅಮ್ಮ ಗ್ರೈಂಡರಿನ ಸದ್ದಿನ ಮೇಲೆ ಕೂಗಿ ಹೇಳಿದಳು: "ನನ್ನ ದೋಸೆಯನ್ನು ಹೆಂಡಕ್ಕೆ ಹೋಲಿಸುವುದು ಬೇಡ!"

2009ರ ಜುಲೈಯಲ್ಲಿ ಚಿಕ್ಕಪ್ಪನಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದು ಮತ್ತೆ ಕೆಲಸಕ್ಕೆ ಹೋದ. ಎಂದಿನಂತೆ ಹಿಂದಿರುಗುವಾಗ ಗಾಡಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದನಂತೆ. ಡೊಂಬಿವಲಿಗಿಂತ ಮುಂಚಿನ ಮುಂಬ್ರಾ ಬಂದದ್ದು ಅಲ್ಲಿಯ ಖಾಡಿಯ, ಅಂದರೆ ಅಳಿವೆಯ, ಕೆಸರಿನ ವಾಸನೆಯಿಂದಲೇ ತಿಳಿಯಬೇಕು, ಆಮೇಲೆ ಎದ್ದು ಬಾಗಿಲ ಕಡೆ ನುಗ್ಗಲು ಶುರುಮಾಡುವುದು ಅವನ ಇಪ್ಪತ್ತು ವರ್ಷದ ಕ್ರಮ. ಆ ದಿನ ಮುಂಬ್ರಾ ಬರಲೇ ಇಲ್ಲ. ಕಣ್ಣು ಬಿಟ್ಟಾಗ ಗಾಡಿ ಡೊಂಬಿವಲಿಯನ್ನೂ ದಾಟಿ ಕಲ್ಯಾಣದಲ್ಲಿ ನಿಂತಿತ್ತು. ನಿದ್ದೆ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡನಂತೆ. ಇದನ್ನು ಅವನು ನನಗೆ ಹೇಳಿದ್ದು ಬಹಳ ಆಮೇಲೆ. ನಮಗೆ ತಿಳಿದದ್ದು ಹಾಲಿನಿಂದ.

ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಅಮ್ಮ ಬಟ್ಟೆ ಒಣಹಾಕಲು ಹೋಗಿದ್ದಳು. ಚಿಕ್ಕಪ್ಪ ಒಲೆಯ ಪಕ್ಕದಲ್ಲೇ ನಿಂತು ಪೇಪರು ಓದುತ್ತಿದ್ದ. ಸೀದ ವಾಸನೆಗೆ ನಾನು ಬಚ್ಚಲಿನಿಂದ ಓಡಿ ಬಂದೆ. ನನಗಿಂತ ಮುಂಚೆ ಬಂದವರು ಎದುರು ಮನೆಯ ಇಂದಿರಕ್ಕ. ಧಾರವಾಡದವರು, ಈರುಳ್ಳಿಯನ್ನೂ ವಾರ ನೋಡಿ ತಿನ್ನುವವರು.

"ಅಲ್ರೀ ರಘು ಅಣ್ಣಾ, ಹಾಲು ಸೀದು ನಮ್ಮನೀ ತನಕಾ ವಾಸನಿ ಬಂದದ. ಬಾಜೂಕ ನಿಂತು ಏನ್ ಓದಾಕತ್ತೀರಿ? ಮೂಗು ಎಲ್ಲರೆ ಅಡವು ಇಟ್ಟೀರೇನು?"

ಚಿಕ್ಕಪ್ಪ ನಕ್ಕ. ಇಂದಿರಕ್ಕ ಹೋದ ಮೇಲೆ ಪಾತ್ರೆಯನ್ನು ಮುಖಕ್ಕೆ ಹತ್ತಿರ ಹಿಡಿದು ದೀರ್ಘವಾಗಿ ಉಸಿರೆಳೆದ. ಮತ್ತೊಮ್ಮೆ ಎಳೆದ. ಆಮೇಲೆ ನನ್ನ ಮುಖ ನೋಡಿದ. ನಾನು ಎಲ್ಲ ಬರೆದಿಡುವವಳಾದರೂ ಆ ನೋಟವನ್ನು ಆವತ್ತು ಬರೆಯಲಿಲ್ಲ.

ಡಾಕ್ಟರು ಜ್ವರದಿಂದ ಹೀಗಾಗುವುದುಂಟು, ವಾಸನೆ ಮತ್ತೆ ಬಂದರೆ ಬಂತು ಎಂದರು. ಹೋಟೆಲಿನಲ್ಲಿ ಹೇಳಿಬಿಡು ಎಂದಳು ಅಮ್ಮ. ಚಿಕ್ಕಪ್ಪ ಬೇಡವೆಂದು ತಲೆಯಾಡಿಸಿದ. ದೀಪಾವಳಿ ಕಳೆದ ಮೇಲೆ ಹೋಟೆಲಿನಲ್ಲಿ ವೈನ್ ವಿಭಾಗಕ್ಕೆ ಒಬ್ಬ ಮುಖ್ಯಸ್ಥನನ್ನು ಮಾಡುವವರಿದ್ದರು. ಮುಖ್ಯಸ್ಥನ ಕಪ್ಪು ಕೋಟಿನ ಮೇಲೆ ಬೆಳ್ಳಿಯ ದ್ರಾಕ್ಷಿಗೊಂಚಲಿನ ಒಂದು ಬಿಲ್ಲೆ ಇರುತ್ತದೆ, ನನ್ನ ಹೆಬ್ಬೆರಳ ಉಗುರಿನಷ್ಟು. ಇಪ್ಪತ್ತು ವರ್ಷ ಅವನು ಅದನ್ನು ಬೇರೆಯವರ ಕೋಟಿನ ಮೇಲೆ ನೋಡಿದ್ದ. ಈ ಸಲ ಅದು ಅವನದೇ ಎಂದು ಎಲ್ಲರೂ ಹೇಳುತ್ತಿದ್ದರು.

"ಮೂಗಿಲ್ಲದವನಿಗೆ ಯಾರು ಕೊಡ್ತಾರೆ? ನಿನ್ನದು ಸಾಲ ಕೊಡ್ತೀಯಾ?" ಎಂದು ಕೇಳಿದ. ತಮಾಷೆಯಂತೆ ಕೇಳಿದ. ತಮಾಷೆಯಾಗಿರಲಿಲ್ಲ. ನನಗೆ ಆಗ ಇಪ್ಪತ್ತೊಂದು. ನನ್ನ ಅಭ್ಯಾಸಗಳಿಂದ ಯಾರಿಗಾದರೂ ಉಪಯೋಗವಾಗುವ ಕಾಲ ಕೊನೆಗೂ ಬಂತು ಎಂದು, ಹೇಳಲು ನಾಚಿಕೆಯಾಗುತ್ತದೆ, ಖುಷಿಯೇ ಆಯಿತು.

ಕ್ರಮ ಹೀಗಿತ್ತು. ಗುರುವಾರ ಮಧ್ಯಾಹ್ನ ಹೋಟೆಲಿನ ಸಿಬ್ಬಂದಿಗೆ ವೈನಿನ ತರಬೇತಿ. ಮುಗಿದ ಮೇಲೆ ಬಾಟಲಿಗಳಲ್ಲಿ ಉಳಿದದ್ದನ್ನು ಚೆಲ್ಲುವುದು ವಾಡಿಕೆ. ಮನೆಯಲ್ಲಿ ಅಭ್ಯಾಸಕ್ಕೆ ಎಂದು ಚಿಕ್ಕಪ್ಪ ಶೆಫ್ ಹತ್ತಿರ ಒಪ್ಪಿಗೆ ಪಡೆದು ಸ್ವಲ್ಪ ಸ್ವಲ್ಪ ತರತೊಡಗಿದ. ತರಲು ಸಣ್ಣ ಬಾಟಲಿ ಬೇಕು. ಔಷಧಿ ಅಂಗಡಿಯಲ್ಲಿ ಹೊಸ ಖಾಲಿ ಬಾಟಲಿ ಸಿಕ್ಕಿದ್ದು ಮೂರೇ. ನಾಲ್ಕನೆಯದನ್ನು ಅಮ್ಮ ಕೊಟ್ಟಳು. ಅಕ್ಕನ ಬಾಣಂತನದ ಕಾಲದ ಗ್ರೈಪ್‌ವಾಟರ್ ಬಾಟಲಿ. ಚೀಟಿ ಕಿತ್ತು, ಮೂರು ಸಲ ಕುದಿಸಿ ಕೊಟ್ಟಳು. ನಾನು ಮೂಸಿ ನೋಡಿದೆ. ಏನೂ ವಾಸನೆ ಇರಲಿಲ್ಲ. ಆಮೇಲೆ ನಾನು ನನ್ನ ಬುದ್ಧಿವಂತಿಕೆಯನ್ನು ಸೇರಿಸಿದೆ: ಒಂದು ಬಾಟಲಿಗೆ ಒಂದೇ ವೈನ್, ಪ್ರತಿ ವಾರವೂ ಅದೇ, ಒಂದರ ವಾಸನೆ ಇನ್ನೊಂದಕ್ಕೆ ತಾಗಬಾರದು. ಗ್ರೈಪ್‌ವಾಟರ್ ಬಾಟಲಿ ಬೋರ್ಡೋಗೆ ಮೀಸಲಾಯಿತು.

ಗುರುವಾರ ಸಂಜೆ ಆರೂಕಾಲಕ್ಕೆ ನಾವು ಕಿಟಕಿಯ ಪಕ್ಕ ಕೂರುತ್ತಿದ್ದೆವು. ಮನೆಯಲ್ಲಿ ವೈನಿನ ಗ್ಲಾಸು ಒಂದೇ, ಅಂಚು ಸ್ವಲ್ಪ ಒಡೆದದ್ದು. ಡೊಂಬಿವಲಿಯ ಲೋಡ್‌ಶೆಡ್ಡಿಂಗ್ ಕಾಲ, ಫ್ರಿಜ್ಜನ್ನು ನಂಬುವ ಹಾಗಿಲ್ಲ. ಬಾಟಲಿಗಳು ಒದ್ದೆ ಬಟ್ಟೆ ಸುತ್ತಿಕೊಂಡು ನೀರಿನ ಮಡಕೆಗೆ ಒರಗಿ ನಿಲ್ಲುತ್ತಿದ್ದವು. ನಾನು ಮೂಸಿ ಹೇಳುವುದು, ಅವನು ಅದನ್ನು ಹೋಟೆಲಿನಲ್ಲಿ ತನ್ನದೇ ಮೂಗಿನ ಮಾತೆಂದು ಹೇಳಲು ನೆನಪಿಟ್ಟುಕೊಳ್ಳುವುದು.

"ಏನು ಬರ್ತಾ ಉಂಟು?"

"ನಿಂಬೆ."

"ನಿಂಬೆ ಎಲ್ಲರಿಗೂ ಬರ್ತದೆ. ನಿಂಬೆಯ ರಸವಾ, ಸಿಪ್ಪೆಯಾ, ಎಲೆಯಾ?"

"ಎಲೆ... ಗಜನಿಂಬೆ ಎಲೆ."

"ಹಾಂ! ಅದು ಸೋವಿನ್ಯೋಂ. ಅದರ ಹಿಂದೆ ನೋಡು, ಮೆಲ್ಲ ಯಾರೋ ನಿಂತಿರ್ತಾರೆ."

ಹಿಂದೆ ನಿಂತವರನ್ನು ಹುಡುಕುವುದನ್ನು ನಾನು ಕಲಿತೆ. ರೋನ್ ಕಣಿವೆಯ ಬ್ಲೆಂಡಿನಲ್ಲಿ ವಿಯೋನ್ಯೆ ಎಂಬ ದ್ರಾಕ್ಷಿ ಮುಂದೆ ಬಂದು ಸಂಪಿಗೆ ಮುಡಿದವಳಂತೆ ಮಾತಾಡುತ್ತದೆ. ಇನ್ನೊಂದು ದ್ರಾಕ್ಷಿ, ಮಾರ್ಸಾನ್, ಹಿಂದೆ ಕುಳಿತು ಬಾದಾಮಿ ಸುಲಿಯುತ್ತಿರುತ್ತದೆ. ಇಂದಿರಕ್ಕ ಕೂಡ ಬಂದು ಕೂರತೊಡಗಿದರು. "ನಾ ಏನ್ ಕುಡ್ಯಾಕತ್ತೇನೇನು? ಮೂಸಿದ್ರ ಮಡಿ ಕೆಡಂಗಿಲ್ಲ," ಎಂದು ಅವರೇ ಶಾಸ್ತ್ರ ಹೇಳಿಕೊಂಡರು. ಒಂದು ಏಕಾದಶಿಯ ಗುರುವಾರ ಅವರು ತಂದ ಸಾಬುದಾಣಿ ವಡೆಯನ್ನು ಚಿಕ್ಕಪ್ಪ ಬೋರ್ಡೋ ಜೊತೆ ಬಾಯಿಗೆ ಹಾಕಿಕೊಂಡ. ವಾಸನೆ ಹೋದರೂ ನಾಲಿಗೆಗೆ ಹುಳಿ, ಉಪ್ಪು ತಿಳಿಯುತ್ತಿತ್ತು. "ಎಣ್ಣೆಯನ್ನು ಹುಳಿ ತೊಳೆದು ಹಾಕ್ತದೆ. ಬರೆ, ಬರೆ!" ಎಂದ. ಬರೆದೆ. ಒಣಮೆಣಸಿನ ಬಂಗುಡೆ ಮೀನಿನ ಗಸಿಗೆ ರೋನ್ ಕೂಡದು ಎಂದೂ ಬರೆದಿದ್ದೇನೆ. ಖಾರಕ್ಕೆ ಅದು ಸೀಮೆಎಣ್ಣೆ ಸುರಿದ ಹಾಗೆ. ತೆಂಗಿನಹಾಲಿನ ಮೀನಿಗೆ ಮಾತ್ರ ಅದರಷ್ಟು ಒಳ್ಳೆಯ ಜೋಡಿ ಇಲ್ಲ.

ಬೋರ್ಡೋ ಬಾಟಲಿಯ ಪುಟದಲ್ಲಿ ಮೊದಲ ಗುರುವಾರವೇ, ಆಗಸ್ಟ್ ಆರರಂದು, ಒಂದು ಪದ ಬಂತು: ಸಬ್ಬಸಿಗೆ. ಎರಡನೇ ವಾರವೂ ಸಬ್ಬಸಿಗೆ. ಚಿಕ್ಕಪ್ಪನ ಹುಬ್ಬು ಮೇಲೇರಿತು. ಸೋವಿನ್ಯೋಂ ಹಸಿರು ವಾಸನೆಯ ದ್ರಾಕ್ಷಿ, ಸೊಪ್ಪಿನ ವಾಸನೆ ಇರಬಹುದು, ಆದರೆ ಇಷ್ಟು ಸ್ಪಷ್ಟವಾಗಿ ಅವನು ಕೇಳಿರಲಿಲ್ಲ. "ಈ ಬಾಟ್ಲಿಯ ವರ್ಷದ ಬೆಳೆಯದ್ದೇ ವಿಶೇಷ ಇರಬೇಕು. ಸರಿ ನೋಡಿ ಹೇಳು." ನಾನು ಸರಿ ನೋಡಿಯೇ ಹೇಳಿದೆ. ಹತ್ತು ಗುರುವಾರ, ಹತ್ತಕ್ಕೆ ಹತ್ತು. ನನ್ನ ಪುಸ್ತಕದಲ್ಲಿ ಇಷ್ಟು ಖಚಿತವಾದ ಲೆಕ್ಕ ಇನ್ನೊಂದಿರಲಿಲ್ಲ.

ದೀಪಾವಳಿಗೆ ಎರಡು ದಿನ ಮುಂಚೆ ಹೋಟೆಲಿನಲ್ಲಿ ಒಂದು ಫ್ರೆಂಚ್ ಔತಣದ ಪಟ್ಟಿ ತಯಾರಾಗುತ್ತಿತ್ತು. ಮ್ಯಾನೇಜರು, ಶೆಫ್, ಚಿಕ್ಕಪ್ಪ ಮೇಜಿನ ಸುತ್ತ. ಬಿಲ್ಲೆ ಯಾರಿಗೆ ಎನ್ನುವುದೂ ಅಲ್ಲೇ ತೀರ್ಮಾನವಾಗಬೇಕಿತ್ತು. ಚಿಕ್ಕಪ್ಪ ಬೋರ್ಡೋ ಗ್ಲಾಸನ್ನು ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಈ ವೈನಿನಲ್ಲಿ ಸಬ್ಬಸಿಗೆ ಇದೆ, ಮೀನನ್ನು ಅದೇ ಸೊಪ್ಪಿನ ಮೇಲೆ ಬೇಯಿಸಿ ಎಂದ. ಮರಾಠಿಯಲ್ಲಿ ಅದಕ್ಕೆ ಶೇಪು ಎನ್ನುತ್ತಾರೆ.

ಶೆಫ್ ಮೂಸಿದರು. "ಶೇಪು? ಕುಠೇ ಆಹೇ ಶೇಪು, ರಘು?" ಎಲ್ಲಿದೆ ಎಂದು ಮತ್ತೆ ಮೂಸಿದರು. ಮ್ಯಾನೇಜರರೂ ಮೂಸಿದರು. ಆಮೇಲೆ ಶೆಫ್ ಒಳಗೆ ಹೋಗಿ ಇನ್ನೊಂದು ಗ್ಲಾಸು ತಂದಿಟ್ಟು, ಇದರಲ್ಲಿ ಏನಿದೆ ಹೇಳು ಎಂದರು. ಚಿಕ್ಕಪ್ಪ ಮೂಸಿ, ಗಜನಿಂಬೆ ಎಲೆ ಎಂದ. ಅದು ನೀರು ಬೆರೆಸಿದ ವಿನೆಗರ್.

ಮನೆಗೆ ಬಂದು ಅವನು ಇದನ್ನು ನಗುತ್ತಲೇ ಹೇಳಿದ. ವಿನೆಗರಿನ ಭಾಗಕ್ಕೆ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗು ಅಲ್ಲ. ಕೆಲಸ ಹೋಗಲಿಲ್ಲ. ಅವನನ್ನು ಮದುವೆ, ಸಭೆಗಳ ಊಟದ ವಿಭಾಗಕ್ಕೆ ಹಾಕಿದರು. ಬಿಲ್ಲೆ ಬೇರೆಯವನ ಕೋಟಿಗೆ ಹೋಯಿತು. "ಒಳ್ಳೆಯ ಹುಡುಗ. ಮೂಗು ಉಂಟು," ಎಂದ ಚಿಕ್ಕಪ್ಪ. ಸಬ್ಬಸಿಗೆ ಎಲ್ಲಿಂದ ಬಂತು ಎಂದು ಅವನು ನನ್ನನ್ನು ಕೇಳಲಿಲ್ಲ. ನನಗೆ ಮಾತ್ರ ಮುಂದಿನ ಗುರುವಾರಗಳಂದು ಆರೂಕಾಲು ಆಗುವುದೇ ಬೇಡವೆನಿಸುತ್ತಿತ್ತು.

ಡಿಸೆಂಬರಿನಲ್ಲಿ ಅಕ್ಕ ಮಗನನ್ನು ಕರೆದುಕೊಂಡು ಬಂದಳು. ಅವನಿಗೆ ಹೊಟ್ಟೆ ಉಬ್ಬರ. ಅಮ್ಮ ಹೊಸ ಗ್ರೈಪ್‌ವಾಟರ್ ಬಾಟಲಿ ತೆರೆದಳು. ಚಮಚ ಹಿಡಿದು ನಿಂತಿದ್ದ ನನ್ನ ಮೂಗಿಗೆ ಸಬ್ಬಸಿಗೆ ಬಡಿಯಿತು. ಹತ್ತಕ್ಕೆ ಹತ್ತು. ಅಟ್ಟದಿಂದ ನಮ್ಮ ಹಳೆಯ ಬಾಟಲಿ ತೆಗೆದು ಮೂಸಿದೆ. ಗಾಜಿನಲ್ಲಿ ಏನೂ ಇಲ್ಲ. ಮುಚ್ಚಳ ಮೂಸಿದೆ. ಒಳಗಿನ ಮೆತ್ತನೆಯ ಬಿಲ್ಲೆಯಲ್ಲಿ ಸಬ್ಬಸಿಗೆ ಬೆಚ್ಚಗೆ ಕೂತಿತ್ತು. ಆಗಸ್ಟಿನಲ್ಲಿ ನಾನು ಬಾಟಲಿ ಮೂಸಿದ್ದೆ. ಮುಚ್ಚಳ ಮೂಸಿರಲಿಲ್ಲ.

ಚಿಕ್ಕಪ್ಪ ಬರುವ ತನಕ ಆ ಮುಚ್ಚಳವನ್ನು ಕೈಯಲ್ಲೇ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಬಂದು ಪಕ್ಕದಲ್ಲಿ ಕೂತ. ಎಲ್ಲ ಹೇಳಿದೆ. ಅತ್ತೂಬಿಟ್ಟೆ, ಅದನ್ನೇಕೆ ಮುಚ್ಚಿಡಲಿ. ಅವನು ಮುಚ್ಚಳವನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ಮೂಗಿಗೆ ಹಿಡಿದು, ಕೆಳಗಿಳಿಸಿದ.

"ನಿನ್ನ ಮೂಗು ಸರಿ ಇತ್ತಲ್ಲ ಮಾರಾಯ್ತಿ. ಬಾಟ್ಲಿಯಲ್ಲಿ ಇದ್ದದ್ದನ್ನು ನೀನು ಹೇಳಿದಿ. ನನಗೆ ಬಾರದ ವಾಸನೆಯನ್ನು ಬಂತು ಅಂತ ಹೇಳಿದ್ದು ನಾನು."

ಮುಚ್ಚಳವನ್ನು ನನ್ನ ಕೈಗೆ ಹಿಂದಿರುಗಿಸುತ್ತ, "ಆದರೂ ಶೇಪು ಹಾಕಿದ್ರೆ ಆ ಮೀನು ಒಳ್ಳೆಯದೇ ಆಗ್ತಿತ್ತು," ಎಂದ.

ಇದಾದ ಮೇಲೆ ಒಂದು ದಿನ ಶೆಫ್ ತಾವಾಗಿಯೇ ಚಿಕ್ಕಪ್ಪನ ಕೈಯಲ್ಲಿ ಒಂದು ಅರ್ಧ ಬಾಟಲಿ ಕಳಿಸಿದರು, ಬಿರಡೆ ಹಾಕಿ, ಕುತ್ತಿಗೆಗೆ ವೈನಿನ ಹೆಸರಿನ ಚೀಟಿ ಕಟ್ಟಿ. ಪರೀಕ್ಷೆ ಇಲ್ಲ, ಬಿಲ್ಲೆ ಇಲ್ಲ, ಆದರೂ ಅಭ್ಯಾಸ ಬಿಡಬೇಡಿ ಎಂದು ಹೇಳಿ ಕಳಿಸಿದ್ದರು. ತಿಂಗಳಿಗೊಂದು ಹೀಗೆ ಬರತೊಡಗಿತು. ಗುರುವಾರದ ಬದಲು ಭಾನುವಾರದ ಮಧ್ಯಾಹ್ನ ಊಟದ ಜೊತೆ. ನಾನು ಪುಸ್ತಕದಲ್ಲಿ ವಾಸನೆಗಳನ್ನು ಮೊದಲು ಬರೆದು, ಚೀಟಿಯ ಹೆಸರನ್ನು ಊಟದ ನಂತರ ನಕಲು ಮಾಡುತ್ತಿದ್ದೆ. ಹೆಸರು ಮೊದಲೇ ಬರೆದರೆ ಮೂಗು ಹೆಸರನ್ನು ಮೂಸುತ್ತದೆ, ವೈನನ್ನಲ್ಲ ಎಂದು ಚಿಕ್ಕಪ್ಪನ ನಿಯಮ.

2011ರ ಆಗಸ್ಟ್ 14, ಭಾನುವಾರ. ಅಮ್ಮ ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದ್ದಳು. ಜೊತೆಗೆ ತೆಂಗಿನಹಾಲಿನ ಕಾಣೆ ಮೀನು. ಹಳದಿ ಬಣ್ಣದ ವೈನು, ಬೋರ್ಡೋಗಿಂತ ದಪ್ಪ. ನಾನು ಮೂಸಿ, ಮಾತಾಡದೆ ಬರೆದುಕೊಂಡೆ: ಕಳಿತ ಪೇರಳೆ, ಬಾದಾಮಿ ಸಿಪ್ಪೆ, ಒದ್ದೆ ಕಲ್ಲು, ಜೇನುಮೇಣ. ಪುಸ್ತಕ ಮುಚ್ಚಿ ಗ್ಲಾಸನ್ನು ಅವನ ಕಡೆ ಸರಿಸಿದೆ. ಅವನು ಎಂದಿನಂತೆ ತಿರುಗಿಸಿ ಮೂಗಿಗೆ ಹಿಡಿದ. ಎಂದಿನಂತೆ ಕೆಳಗಿಡಲಿಲ್ಲ.

"ಮೇಣ," ಎಂದ.

ಅಮ್ಮನ ಕೈಯಲ್ಲಿ ಕಡುಬು ಹಾಗೇ ನಿಂತಿತು.

"ಜೇನುಮೇಣ. ಅಲ್ವಾ? ಅತ್ತಿಗೆ, ಮೇಣದ ವಾಸನೆ ಬರ್ತಾ ಉಂಟು. ಮಾರಾಯ್ತಿ, ನೀನು ಹೇಳಿದ್ದಾ? ಇಲ್ಲ, ನೀನು ಹೇಳಲಿಲ್ಲ. ಹೇಳಲಿಲ್ಲ ಅಲ್ವಾ?"

ನಾನು ಪುಸ್ತಕ ತೆರೆದು ತೋರಿಸಿದೆ. ಅವನು ಆ ಒಂದು ಪದವನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಎದ್ದು ಕಡುಬು ಮೂಸಿದ, ಕಾಫಿ ಡಬ್ಬಿ ಮೂಸಿದ, ನನ್ನ ತಲೆ ಮೂಸಿದ. ಎಲ್ಲ ಖಾಲಿ. ಮತ್ತೆ ಗ್ಲಾಸಿಗೆ ಬಂದ. ಅಷ್ಟರಲ್ಲಿ ಅದೂ ಹೋಗಿತ್ತು. ಆದರೂ ಅವನು ಬಾಗಿಲಿಗೆ ಹೋಗಿ "ಇಂದಿರಕ್ಕಾ, ಬಂತು!" ಎಂದು ಕೂಗಿದ. "ಯಾರ್ ಬಂದ್ರು?" ಎನ್ನುತ್ತ ಅವರು ಒದ್ದೆ ಕೈಯಲ್ಲೇ ಓಡಿ ಬಂದರು. ಎಲ್ಲರೂ ಅತ್ತೆವು, ನಕ್ಕೆವು, ಕಡುಬು ತಣ್ಣಗಾಯಿತು.

ಆ ಗಲಾಟೆಯಲ್ಲಿ ನಾನು ಚೀಟಿ ನಕಲು ಮಾಡಲಿಲ್ಲ. ನೆನಪಾದದ್ದು ಸಂಜೆ. ಕುತ್ತಿಗೆಯ ಚೀಟಿ ಹಲಸಿನ ಎಲೆಗಳ ಜೊತೆ ಕಸಕ್ಕೆ ಹೋಗಿತ್ತು, ಕಸ ಗಾಡಿಗೆ ಹೋಗಿತ್ತು. ಶೆಫ್‌ಗೆ ಫೋನು ಮಾಡಿಸಿದೆ. ಅವರು ಆ ವಾರ ನಾಲ್ಕು ಬಾಟಲಿ ತೆರೆದಿದ್ದರು, ಯಾವುದನ್ನು ಕಳಿಸಿದ್ದೆಂದು ನೆನಪಿಲ್ಲ, ಫ್ರಾನ್ಸಿನ ದಕ್ಷಿಣದ ಯಾವುದೋ ಬ್ಲೆಂಡ್ ಎಂದರು. ಮುಂದೆ ಕೆಲಸ ಬದಲಿಸಿ ಬೇರೆ ಊರಿಗೆ ಹೋದರು.

ಅಂದಿನಿಂದ ಇಂದಿನವರೆಗೆ, ಏಳು ವರ್ಷದಲ್ಲಿ, ಚಿಕ್ಕಪ್ಪನಿಗೆ ವಾಸನೆ ಬಂದದ್ದು ಎಂಟು ಸಲ. ದಾರಿಬದಿಯ ಗ್ಯಾರೇಜಿನ ಪೆಟ್ರೋಲು, ಸೀದ ಸಾಸಿವೆ, ಒದ್ದೆ ಪೇಪರು. ಕೆಲವು ಕ್ಷಣ ಬಂದು ಹೋಗುತ್ತವೆ. ವೈನಿನಿಂದ ಬಂದದ್ದು ಆ ಒಂದೇ ಸಲ. ಆದ್ದರಿಂದ ಅದೇ ಬಾಟಲಿ ಸಿಕ್ಕಿದರೆ ಮತ್ತೆ ಬಂದೀತೇನೋ ಎಂದು ನನಗೆ. ಇದು ಶಾಸ್ತ್ರವಲ್ಲ, ಆಸೆ ಎಂದು ಗೊತ್ತಿದೆ.

ಇಲ್ಲಿಗೆ ನಿಲ್ಲಿಸಿದ್ದೆ. ಹನ್ನೆರಡು ಮೂವತ್ತೈದಕ್ಕೆ ಚಿಕ್ಕಪ್ಪ ಬಂದ. ಈಗ ಎರಡು ಗಂಟೆ ಹತ್ತು ನಿಮಿಷ, ಊಟ ಮುಗಿಸಿ ಮುಂದುವರಿಸುತ್ತಿದ್ದೇನೆ. ಅವನು ಕೈಕಾಲು ತೊಳೆದು ಬಂದು, ಆಗಷ್ಟೇ ಅಮ್ಮ ಮತ್ತೊಂದು ಚಮಚ ಗ್ರೈಪ್‌ವಾಟರ್ ಕುಡಿಸಿದ್ದ ಮಗುವನ್ನು ಎತ್ತಿಕೊಂಡ. ಅವಳ ಬಾಯಿಯ ಹತ್ತಿರ ಮೂಗು ತಂದ. ಕಾದ. ನಾನೂ ಕಾದೆ.

"ಇಲ್ಲ," ಎಂದ, ಸಹಜವಾಗಿ. "ನೀನು ಹೇಳು. ಏನು ಬರ್ತಾ ಉಂಟು?"

ಒಂಬತ್ತು ವರ್ಷದಿಂದ ಅವನ ಮುಂದೆ ನಾನು ಬಾಯಿಗೆ ತರದ ಪದ ಅದು. ಈ ಹೊತ್ತಿಗೆ ಬೇರೆ ಪದವೇ ಇರಲಿಲ್ಲ.

"ಸಬ್ಬಸಿಗೆ," ಎಂದೆ.

ಅವನು ಮಗುವಿನ ಮುಖ ನೋಡಿದ. ಅಮ್ಮನ ಕೈಯಲ್ಲಿದ್ದ ಗ್ರೈಪ್‌ವಾಟರ್ ಬಾಟಲಿ ನೋಡಿದ. ಹೊಟ್ಟೆ ಕುಣಿಯುವಂತೆ ನಗತೊಡಗಿದ. ಅವನ ತೋಳಿನಲ್ಲಿದ್ದ ಮಗುವೂ ಕುಲುಕುತ್ತ ನಕ್ಕಿತು.

"ಈ ಸಲ ಉಂಟು," ಎಂದ. "ಬರೆದುಕೋ. ಹನ್ನೊಂದಕ್ಕೆ ಹನ್ನೊಂದು."

ಬರೆದುಕೊಂಡಿದ್ದೇನೆ. ಬೋರ್ಡೋ ಪುಟದಲ್ಲೇ, ಹತ್ತರ ಕೆಳಗೆ.

ಓದುವ ನಿಮ್ಮಲ್ಲಿ ಹೋಟೆಲಿನವರಿರಬಹುದು, ಆ ದೇಶಕ್ಕೆ ಹೋಗಿ ಬಂದವರಿರಬಹುದು. ಫ್ರಾನ್ಸಿನ ದಕ್ಷಿಣದ ಬಿಳಿ ಬ್ಲೆಂಡ್, 2011ರಲ್ಲಿ ಮುಂಬಯಿಯಲ್ಲಿ ದೊರೆಯುತ್ತಿದ್ದದ್ದು, ಹಳದಿ ಬಣ್ಣ, ಮೊದಲು ಕಳಿತ ಪೇರಳೆ, ಆಮೇಲೆ ಬಾದಾಮಿ ಸಿಪ್ಪೆ, ಒದ್ದೆ ಕಲ್ಲು, ಎಲ್ಲಕ್ಕೂ ಹಿಂದೆ ಜೇನುಮೇಣ. ಇದು ಯಾವುದಿರಬಹುದು ಎಂದು ತಿಳಿದವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಸಾಲು ಬರೆಯಿರಿ. ಖಚಿತವಿಲ್ಲದಿದ್ದರೂ ಬರೆಯಿರಿ, ಮೂಸಿ ನೋಡಲು ನಾವಿದ್ದೇವೆ.